ಖಂಡಕ್ಕೊಂದೇ ಸಂತೆ, ತಕ್ಕಡಿ ಯಾರ ಕೈಯಲ್ಲಿ?

ಆಫ್ರಿಕಾದಲ್ಲಿ ಅವಕಾಶಗಳ ಬಾಗಿಲು ತೆರೆದಿದೆಯಂತೆ. ತಂಪು ಕೋಣೆಗಳಲ್ಲಿ ಕೂತ ವಾಣಿಜ್ಯ ಪಂಡಿತರು ಹಾಗಂತ ಸಾರುತ್ತಿದ್ದಾರೆ. 54 ದೇಶ ಸೇರಿ ಒಂದೇ ಮಾರುಕಟ್ಟೆ, 140 ಕೋಟಿಗೂ ಮೇಲ್ಪಟ್ಟು ಗ್ರಾಹಕರು, ಒಟ್ಟು ಉತ್ಪನ್ನ 3.4 ಲಕ್ಷ ಕೋಟಿ ಡಾಲರ್. ಬನ್ನಿ, ಬೇಗ ಬನ್ನಿ, ಮೊದಲು ಹೋದವನಿಗೆ ಮೊದಲ ಪಾಲು ಅಂತ ಕೂಗುತ್ತಿದ್ದಾರೆ.

ಅಲ್ಲ ಸ್ವಾಮಿ, ಆ 140 ಕೋಟಿ ಮನುಷ್ಯರು ಗ್ರಾಹಕರಾದದ್ದು ಯಾವಾಗ? ನಾಲ್ಕು ನೂರು ವರ್ಷ ಅವರನ್ನು ಸರಕು ಅಂದರು. ಹಡಗಿಗೆ ತುಂಬಿ ಮಾರಿದರು. ಆಮೇಲೆ ಕೂಲಿಗಳು ಅಂದರು. ಆಮೇಲೆ ಸಾಲಗಾರರು ಅಂದರು. ಈಗ ಗ್ರಾಹಕರು ಅನ್ನುತ್ತಿದ್ದಾರೆ. ಹೆಸರು ನಾಲ್ಕು ಸಲ ಬದಲಾಯಿತು. ತಕ್ಕಡಿ ಹಿಡಿದ ಕೈ ಬದಲಾಯಿತೇನು?

ವಿಷಯವನ್ನು ಮೊದಲು ನೆಟ್ಟಗೆ ತಿಳಿದುಕೊಳ್ಳೋಣ. 2018ರ ಮಾರ್ಚ್ 21ರಂದು ರುವಾಂಡಾದ ಕಿಗಾಲಿಯಲ್ಲಿ 44 ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಹೆಸರು ಆಫ್ರಿಕಾ ಖಂಡ ಮುಕ್ತ ವ್ಯಾಪಾರ ಪ್ರದೇಶ. 2019ರ ಮೇ 30ರಂದು ಅದು ಜಾರಿಗೆ ಬಂತು. 2021ರ ಜನವರಿ 1ರಿಂದ ವ್ಯಾಪಾರ ಶುರು ಅಂತ ಘೋಷಿಸಿದರು. ಆಫ್ರಿಕಾ ಒಕ್ಕೂಟದ 55 ದೇಶಗಳಲ್ಲಿ ಎರಿಟ್ರಿಯಾ ಒಂದನ್ನು ಬಿಟ್ಟರೆ ಉಳಿದವೆಲ್ಲ ಸಹಿ ಹಾಕಿವೆ. ಕಚೇರಿ ಘಾನಾದ ಆಕ್ರಾದಲ್ಲಿದೆ. ನೂರು ಬಗೆಯ ಸರಕುಗಳಲ್ಲಿ 90ರ ಮೇಲಿನ ಸುಂಕವನ್ನು ಹಂತಹಂತವಾಗಿ ಕಿತ್ತುಹಾಕಬೇಕು. ಇನ್ನು 7ಕ್ಕೆ ಹೆಚ್ಚು ಕಾಲ, ಉಳಿದ 3ಕ್ಕೆ ವಿನಾಯಿತಿ. ಘೋಷಣೆ ಆದದ್ದು 2021ರಲ್ಲಿ, ಆದರೆ ಏಳೆಂಟು ದೇಶಗಳನ್ನು ಆರಿಸಿಕೊಂಡು ಪ್ರಯೋಗಕ್ಕೆ ಸರಕು ಕಳಿಸಲು ಶುರು ಮಾಡಿದ್ದು 2022ರ ಅಕ್ಟೋಬರಿನಲ್ಲಿ.

ಈ ಒಪ್ಪಂದವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಆಫ್ರಿಕಾದ ನಕ್ಷೆಯನ್ನು ಕಣ್ಣಿಟ್ಟು ನೋಡಿಲ್ಲ. ಅಲ್ಲಿನ ಗಡಿಗಳನ್ನು ಆಫ್ರಿಕಾದವರು ಎಳೆಯಲಿಲ್ಲ. 1884-85ರಲ್ಲಿ ಬರ್ಲಿನ್ನಿನಲ್ಲಿ ಯುರೋಪಿನ ದೊರೆಗಳು ಮೇಜಿನ ಸುತ್ತ ಕೂತು ಖಂಡವನ್ನು ಹಂಚಿಕೊಳ್ಳುವ ಕಟ್ಟಳೆ ಮಾಡಿಕೊಂಡರು. ಆ ಮೇಜಿಗೆ ಒಬ್ಬ ಆಫ್ರಿಕನ್ನನನ್ನೂ ಕರೆಯಲಿಲ್ಲ. ಆಮೇಲೆ ಹಾಕಿದ ರೈಲು ಹಳಿಗಳನ್ನು ನೋಡಿ. ಗಣಿಯಿಂದ ಬಂದರಿಗೆ, ತೋಟದಿಂದ ಬಂದರಿಗೆ. ನೆರೆಯ ನಾಡಿನಿಂದ ನೆರೆಯ ನಾಡಿಗೆ ಹಳಿ ಬೇಕು ಅಂತ ಯಾವ ದೊರೆಗೂ ಅನ್ನಿಸಲಿಲ್ಲ. ನಮ್ಮ ಹಳ್ಳಿಗಳಲ್ಲಿ ಎಲ್ಲ ಕೇರಿಯ ದಾರಿಗಳೂ ಗೌಡನ ಮನೆಯ ಅಂಗಳಕ್ಕೇ ಹೋಗಿ ಸೇರುತ್ತಿದ್ದವಲ್ಲ, ಕೇರಿಯಿಂದ ಕೇರಿಗೆ ದಾರಿಯೇ ಇರುತ್ತಿರಲಿಲ್ಲವಲ್ಲ, ಇಡೀ ಖಂಡವನ್ನು ಹಾಗೆ ಕಟ್ಟಿದರು.

ಅದರ ಫಲ ಇವತ್ತಿಗೂ ಇದೆ. ಆಫ್ರಿಕಾದ ದೇಶಗಳು ತಮ್ಮ ತಮ್ಮಲ್ಲಿ ಮಾಡುವ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದಲ್ಲಿ ಸುಮಾರು 15%. ಯುರೋಪಿನ ದೇಶಗಳು ತಮ್ಮೊಳಗೆ ಮಾಡುವುದು 60%ಕ್ಕೂ ಹೆಚ್ಚು. ಪಕ್ಕದ ದೇಶದವನಿಗೆ ದುಡ್ಡು ಕೊಡಬೇಕಾದರೂ ಅದು ಮೊದಲು ಡಾಲರ್ ಆಗಿ, ಕಡಲಾಚೆಯ ಬ್ಯಾಂಕಿಗೆ ಹೋಗಿ, ಅಲ್ಲಿ ದಲ್ಲಾಳಿ ಕಟ್ಟಿ, ತಿರುಗಿ ಬರಬೇಕಿತ್ತು. ಇದನ್ನು ತಪ್ಪಿಸಲು ಆಫ್ರಿಕಾದವರದೇ ಪಾವತಿ ವ್ಯವಸ್ಥೆಯೊಂದನ್ನು 2022ರ ಜನವರಿಯಲ್ಲಿ ಶುರು ಮಾಡಿದ್ದಾರೆ. ಇದು ಸಣ್ಣ ಕೆಲಸವಲ್ಲ.

ಖಂಡ ಒಂದಾಗಬೇಕು ಅನ್ನುವ ಕನಸು ಕಂಪನಿಗಳದ್ದೂ ಅಲ್ಲ. 1963ರಲ್ಲಿ ಆಡಿಸ್ ಅಬಾಬಾದಲ್ಲಿ ಕ್ವಾಮೆ ಎನ್‌ಕ್ರೂಮಾ ಅದನ್ನೇ ಹೇಳಿದ. ಒಂದಾಗದಿದ್ದರೆ ಬಿಳಿಯರು ಮುಂದಿನ ಬಾಗಿಲಿಂದ ಹೋಗಿ ಹಿಂದಿನ ಬಾಗಿಲಿಂದ ಬರುತ್ತಾರೆ ಅನ್ನುವುದು ಅವನ ವಾದದ ತಿರುಳು. ಅದೇ ಊರಿನಲ್ಲಿ 1987ರ ಜುಲೈ ತಿಂಗಳಲ್ಲಿ ಬುರ್ಕಿನಾ ಫಾಸೋದ ತಾಮಸ್ ಸಂಕಾರ ತನ್ನ ನಾಡಿನ ನೇಕಾರರು ನೇಯ್ದ ಬಟ್ಟೆ ತೊಟ್ಟು ನಿಂತು, ನಾವು ಬೆಳೆದದ್ದನ್ನು ನಾವೇ ನೇಯೋಣ, ನಾವೇ ಉಡೋಣ, ಮಾಡದ ಸಾಲವನ್ನು ತೀರಿಸುವುದು ಬೇಡ ಅಂತ ವಾದಿಸಿದ. ಮೂರೇ ತಿಂಗಳಲ್ಲಿ, ಅಕ್ಟೋಬರ್ 15ರಂದು, ಅವನನ್ನು ಕೊಂದರು.

ಹೀಗೆ ರಕ್ತ ಕೊಟ್ಟು ಉಳಿಸಿಕೊಂಡ ಕನಸು ಇದು. ಈಗ ಅದೇ ಕನಸನ್ನು ಜಾಹೀರಾತಿನ ಹಾಳೆಯಲ್ಲಿ ಸುತ್ತಿ "ಬಿಸಿನೆಸ್ ಅವಕಾಶ" ಅಂತ ಮಾರುತ್ತಿದ್ದಾರೆ. ನನ್ನ ಜಗಳ ಇರುವುದು ಇವರೊಡನೆ.

ನಮ್ಮದೇ ಬಟ್ಟೆ ಉಡೋಣ ಅಂದವರಿಗೆ ಈಚೆಗೂ ಏನಾಯಿತು ನೋಡಿ. ಅಮೆರಿಕ, ಯುರೋಪಿನವರು ಉಟ್ಟು ಬಿಸಾಕಿದ ಬಟ್ಟೆಗಳ ಮೂಟೆಗಳು ಪೂರ್ವ ಆಫ್ರಿಕಾದ ಸಂತೆಗಳಲ್ಲಿ ಬಂದು ಬೀಳುತ್ತವೆ. ಅದಕ್ಕೆ ಅಲ್ಲಿ ಮಿತುಂಬಾ ಅನ್ನುತ್ತಾರೆ. ಈ ಹಳೇ ಬಟ್ಟೆಯ ರಾಶಿಯ ಕೆಳಗೆ ಸಿಕ್ಕಿ ಸ್ಥಳೀಯ ಗಿರಣಿಗಳು ಉಸಿರು ಕಟ್ಟಿದವು. 2016ರಲ್ಲಿ ಪೂರ್ವ ಆಫ್ರಿಕಾ ಸಮುದಾಯದ ದೇಶಗಳು ಸೇರಿ, 2019ರ ಹೊತ್ತಿಗೆ ಇದನ್ನು ನಿಲ್ಲಿಸುತ್ತೇವೆ ಅಂದವು. ಅಮೆರಿಕಕ್ಕೆ ಸಿಟ್ಟು ಬಂತು. ನಮ್ಮ ಹಳೇ ಬಟ್ಟೆ ಬೇಡವಾದರೆ ನಿಮಗೆ ಕೊಟ್ಟಿರುವ ಸುಂಕದ ರಿಯಾಯಿತಿಯೂ ಇಲ್ಲ ಅಂತ ಹೆದರಿಸಿತು. ಉಳಿದವರು ಹಿಂದೆ ಸರಿದರು. ರುವಾಂಡಾ ಸರಿಯಲಿಲ್ಲ. 2018ರ ಜುಲೈ ತಿಂಗಳಲ್ಲಿ ರುವಾಂಡಾದ ಉಡುಪುಗಳಿಗೆ ಆ ರಿಯಾಯಿತಿ ಕಿತ್ತುಕೊಂಡರು. ಕಿಗಾಲಿಯಲ್ಲಿ ಮುಕ್ತ ವ್ಯಾಪಾರಕ್ಕೆ ಸಹಿ ಬಿದ್ದು ಆಗ ನಾಲ್ಕು ತಿಂಗಳು. ಒಡೆಯ ಬಿಸಾಕಿದ ಹಳೇ ಅಂಗಿಯನ್ನು ಕೈಯೊಡ್ಡಿ ಈಸಿಕೊಳ್ಳದೆ ಹೋದರೆ ಕೂಲಿ ಕೊಡೋದಿಲ್ಲ ಅನ್ನುವ ನ್ಯಾಯ ನಮಗೆ ಹೊಸದಲ್ಲ. ಅದು ದೇಶ ದೇಶಗಳ ನಡುವೆಯೂ ಇದೆ ಅಂತ ಗೊತ್ತಿರಲಿ.

ಇನ್ನು ಒಪ್ಪಂದದ ಒಳಗೇ ಇರುವ ಗಂಟು. ಯಾವ ಸರಕು "ಆಫ್ರಿಕಾದ್ದು"? ಇದನ್ನು ತೀರ್ಮಾನಿಸುವುದಕ್ಕೆ ಮೂಲದ ನಿಯಮಗಳಿವೆ. ಸರಕು ಎಲ್ಲಿ ಬೆಳೆಯಿತು, ಎಲ್ಲಿ ರೂಪ ಬದಲಾಯಿಸಿತು ಅಂತ ಅವು ನೋಡುತ್ತವೆ. ಕಾರ್ಖಾನೆಯ ಮಾಲೀಕ ಯಾರು, ಲಾಭ ಯಾವ ದೇಶಕ್ಕೆ ಹೋಗುತ್ತೆ ಅಂತ ನೋಡುವುದಿಲ್ಲ. ಹೊರಗಿನ ಕಂಪನಿ ಅಲ್ಲಿ ಹೋಗಿ ಒಂದು ಶೆಡ್ಡು ಎಬ್ಬಿಸಿ, ನಿಯಮಕ್ಕೆ ಬೇಕಾದಷ್ಟು ಕೆಲಸ ಮಾಡಿಸಿದರೆ ಆ ಸರಕು ಆಫ್ರಿಕಾದ ಸರಕೇ. ಅದು ಖಂಡದ ತುಂಬ ಸುಂಕವಿಲ್ಲದೆ ಓಡಾಡಬಹುದು. ನಮ್ಮ ಪಂಡಿತರು ಬಾಯಿ ಚಪ್ಪರಿಸುತ್ತಿರುವುದು ಇದಕ್ಕೇ. ಬಟ್ಟೆ ಮತ್ತು ಮೋಟಾರು ವಾಹನಗಳ ಮೂಲ ಯಾವುದು ಅನ್ನುವ ಬಗ್ಗೆ ಆ ದೇಶಗಳು ವರ್ಷಗಟ್ಟಲೆ ಜಗ್ಗಾಡಿದ್ದೂ ಇದಕ್ಕೇ. ಇದನ್ನು ಬರೀ ಗುಮಾಸ್ತರ ಜಗಳ ಅಂದುಕೊಳ್ಳಬೇಡಿ. ಆ ಒಂದು ಸಾಲಿನಲ್ಲಿ ಒಂದು ಗಿರಣಿಯ ಬದುಕು ಸಾವು ಇರುತ್ತೆ.

ಸರಕಿಗೆ ಹೀಗೆ ಬಾಗಿಲು ತೆರೆಯಿತು. ಮನುಷ್ಯರಿಗೆ? ಜನ ಖಂಡದೊಳಗೆ ತಡೆಯಿಲ್ಲದೆ ಓಡಾಡಲಿ ಅಂತ ಅದೇ 2018ರಲ್ಲಿ ಇನ್ನೊಂದು ಒಪ್ಪಂದವನ್ನೂ ಮಾಡಿದ್ದರು. 15 ದೇಶ ಅನುಮೋದಿಸಿದರೆ ಅದು ಜಾರಿಗೆ ಬರುತ್ತಿತ್ತು. 2024ರ ಹೊತ್ತಿಗೆ ಅನುಮೋದಿಸಿದ್ದು ನಾಲ್ಕೇ ದೇಶ. ಆಫ್ರಿಕಾದ ಅತಿ ದೊಡ್ಡ ಶ್ರೀಮಂತ, ನೈಜೀರಿಯಾದ ಅಲಿಕೊ ಡಾಂಗೋಟೆ, 2024ರಲ್ಲಿ ಕಿಗಾಲಿಯ ಸಭೆಯಲ್ಲಿ ಗೊಣಗಿದ: ನನ್ನ ಖಂಡದಲ್ಲಿ ಓಡಾಡಲು ನನಗೇ 35 ವೀಸಾ ಬೇಕು. ಸಿಮೆಂಟಿನ ಸಾಹುಕಾರನ ಪಾಡೇ ಹೀಗಾದರೆ, ಟೊಮ್ಯಾಟೊ ಬುಟ್ಟಿ ತಲೆಯ ಮೇಲೆ ಹೊತ್ತು ಗಡಿ ದಾಟುವ ಹೆಂಗಸಿನ ಪಾಡು ಕೇಳುವವರು ಯಾರು?

ಆ ಹೆಂಗಸೇ ಆಫ್ರಿಕಾದ ನಿಜವಾದ ಮುಕ್ತ ವ್ಯಾಪಾರಿ. ಒಪ್ಪಂದ ಹುಟ್ಟುವ ಮೊದಲೇ ಆಕೆ ಗಡಿ ದಾಟುತ್ತಿದ್ದಳು. ದಕ್ಷಿಣ ಆಫ್ರಿಕಾ ಪ್ರದೇಶದಲ್ಲಿ ಲೆಕ್ಕಪುಸ್ತಕಕ್ಕೆ ಸಿಗದ ಗಡಿವ್ಯಾಪಾರ ಮಾಡುವವರಲ್ಲಿ ಸುಮಾರು 70% ಹೆಂಗಸರು ಅಂತ ವಿಶ್ವಸಂಸ್ಥೆಯ ಅಂದಾಜು. ಮಹಾ ಸರೋವರಗಳ ಸೀಮೆಯ ಗಡಿಗಳಲ್ಲಿ ಇಂಥ ಬಡ ವ್ಯಾಪಾರಿ ಹೆಂಗಸರನ್ನು ಕಂಡು ವಿಶ್ವಬ್ಯಾಂಕೇ 2011ರಲ್ಲಿ ಒಂದು ವರದಿ ಮಾಡಿತು. ಲಂಚ, ಬೈಗುಳ, ಸರಕು ಕಸಿದುಕೊಳ್ಳುವುದು, ಮೈಮೇಲೆ ಕೈ ಹಾಕುವುದು, ಎಲ್ಲ ಅದರಲ್ಲಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ನಮ್ಮ ಗಾದೆಯನ್ನು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸುಂಕ ಹೋದರೂ ಸುಂಕದವನು ಹೋಗುವುದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ. ಇದು ನನ್ನ ಕೋಪದ ಮಾತಲ್ಲ, ಅವರದೇ ಲೆಕ್ಕ. ಈ ಒಪ್ಪಂದ ಪೂರ್ತಿ ಜಾರಿಯಾದರೆ 2035ರ ಹೊತ್ತಿಗೆ 45,000 ಕೋಟಿ ಡಾಲರ್ ಆದಾಯ ಹೆಚ್ಚುತ್ತೆ, 3 ಕೋಟಿ ಜನ ಕಡುಬಡತನದಿಂದ ಮೇಲೇಳುತ್ತಾರೆ ಅಂತ ವಿಶ್ವಬ್ಯಾಂಕ್ 2020ರಲ್ಲಿ ಹೇಳಿತು. ಆ 45,000 ಕೋಟಿಯಲ್ಲಿ 29,200 ಕೋಟಿ ಬರಬೇಕಾದದ್ದು ಸುಂಕ ಇಳಿಸುವುದರಿಂದ ಅಲ್ಲ. ಗಡಿಯ ಕಾಗದ ಪತ್ರ, ಕಾಯಿಸುವಿಕೆ, ಅಡ್ಡಿ ಆತಂಕಗಳನ್ನು ಕಿತ್ತುಹಾಕುವುದರಿಂದ. ಅಂದರೆ ಒಪ್ಪಂದದ ಫಲ ಇರುವುದು ಮಂತ್ರಿಗಳು ಸಹಿ ಹಾಕುವ ಮೇಜಿನ ಮೇಲಲ್ಲ, ಗಡಿಯಲ್ಲಿ ಬುಟ್ಟಿ ಹೊತ್ತು ಬಿಸಿಲಲ್ಲಿ ನಿಂತವಳ ಮುಂದಿನ ಗೇಟಿನಲ್ಲಿ. ಆ ಗೇಟಿನ ಸುದ್ದಿ ಯಾವ ಬಿಸಿನೆಸ್ ಭಾಷಣದಲ್ಲಿ ಬರುತ್ತೆ ಹೇಳಿ ನೋಡೋಣ.

ಇದೆಲ್ಲ ಆಫ್ರಿಕಾದ ಕತೆ, ನಮಗೇನು ಅನ್ನುವ ಗೆಳೆಯರಿದ್ದಾರೆ. ಅವರು ಒಂದು ಗೇರುಬೀಜವನ್ನು ಕೈಗೆ ತಗೊಳ್ಳಲಿ.

ಗೇರು ಮರ ಬ್ರೆಜಿಲಿನದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಡುವಣ ಕರಾವಳಿಗೂ ತಂದರು, ಆಫ್ರಿಕಾದ ಮೊಜಾಂಬಿಕ್‌ಗೂ ಒಯ್ದರು. ಇತ್ತ ಗಿಡ ತಂದ ಅದೇ ಪೋರ್ಚುಗೀಸರು ಆಫ್ರಿಕಾದ ಮನುಷ್ಯರನ್ನೂ ಗುಲಾಮರನ್ನಾಗಿ ಗೋವೆಗೆ ತಂದಿಳಿಸಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನ ನಮ್ಮ ಸಿದ್ದಿಗಳ ಹಿರಿಯರಲ್ಲಿ ಬಹಳ ಮಂದಿ ಹಾಗೆ ಬಂದವರು, ಹಾಗೆ ತಪ್ಪಿಸಿಕೊಂಡು ಕಾಡು ಸೇರಿದವರು. ನಮಗೂ ಆಫ್ರಿಕಾಕ್ಕೂ ನಂಟು ಹೊಸದಾಗಿ ಹುಟ್ಟಬೇಕಾಗಿಲ್ಲ.

1970ರ ದಶಕದ ಮೊದಲಲ್ಲಿ ಮೊಜಾಂಬಿಕ್ ಗೇರಿನಲ್ಲಿ ಜಗತ್ತಿಗೇ ದೊಡ್ಡದಾಗಿತ್ತು. ಬೀಜವನ್ನು ಅಲ್ಲೇ ಒಡೆದು, ತಿರುಳು ತೆಗೆದು ಮಾರುವ ಕಾರ್ಖಾನೆಗಳಿದ್ದವು. ಆಮೇಲೆ ಅಂತರ್ಯುದ್ಧ ಬಂತು, ದೇಶ ಸಾಲದಲ್ಲಿ ಮುಳುಗಿತು. 1990ರ ದಶಕದ ನಡುವಿನಲ್ಲಿ ವಿಶ್ವಬ್ಯಾಂಕ್ ಷರತ್ತು ಹಾಕಿತು: ಹಸಿ ಬೀಜದ ರಫ್ತಿನ ಮೇಲಿನ ತೆರಿಗೆ ಇಳಿಸಿ, ವ್ಯಾಪಾರ ಬಿಡುಬೀಸಾಗಲಿ, ರೈತನಿಗೆ ಒಳ್ಳೆ ಬೆಲೆ ಸಿಗುತ್ತೆ. ಇಳಿಸಿದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಸುಮಾರು 10,000 ಕೆಲಸಗಾರರಲ್ಲಿ ಬಹುಪಾಲು ಬೀದಿಗೆ ಬಿದ್ದರು. ರೈತನಿಗೆ ಸಿಕ್ಕಿದ್ದೆಷ್ಟು? ಡ್ಯಾನಿ ರಾಡ್ರಿಕ್ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕ ಹಾಕಿದರು. ಗೇರು ಬೆಳೆಯುವ ಒಂದು ಮನೆಗೆ ವರ್ಷಕ್ಕೆ ಸರಾಸರಿ 5 ಡಾಲರ್ ಚಿಲ್ಲರೆ. ಮಿಕ್ಕದ್ದು ನಡುವಿನ ವ್ಯಾಪಾರಿಗಳ ಪಾಲಿಗೆ.

ಆ ಹಸಿ ಬೀಜ ಹೋದದ್ದೆಲ್ಲಿಗೆ? ಬಹುಪಾಲು ಇಂಡಿಯಾಕ್ಕೆ. ನಮ್ಮಲ್ಲಿ ಬೀಜ ಒಡೆಯುವವರು ಹೆಂಗಸರು, ಕೊಲ್ಲಂನಲ್ಲೂ ಅವರೇ, ಮಂಗಳೂರು, ಕಾರ್ಕಳದ ಕಡೆಯೂ ಅವರೇ. 1920ರ ದಶಕದಿಂದ ಮಂಗಳೂರಿನಲ್ಲಿ ಈ ಕಾರ್ಖಾನೆಗಳಿವೆ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತೆ. ಕೈಗೆ ಬೂದಿ ಬಳಿದುಕೊಂಡು, ಎಣ್ಣೆ ಸವರಿಕೊಂಡು, ಕುಕ್ಕರುಗಾಲಲ್ಲಿ ಕೂತು ದಿನವಿಡೀ ಒಡೆದವರ ಬೆರಳುಗಳನ್ನು ನೋಡಿದವರಿಗೆ ನಾನೇನೂ ಹೇಳಬೇಕಾಗಿಲ್ಲ. ಮೊಜಾಂಬಿಕ್ಕಿನ ಯಂತ್ರಕ್ಕಿಂತ ಈ ಬೆರಳು ಅಗ್ಗ ಅನ್ನುವುದೇ ನಮ್ಮ ಸಾಹುಕಾರರ "ಸ್ಪರ್ಧಾತ್ಮಕ ಶಕ್ತಿ"ಯಾಗಿತ್ತು. ಅಲ್ಲಿನ ಕಪ್ಪು ಹೆಂಗಸಿನ ಕೂಲಿಯನ್ನು ಇಲ್ಲಿನ ಬಡ ಹೆಂಗಸು ಕಿತ್ತುಕೊಂಡಳು ಅಂತ ಯಾರಾದರೂ ಹೇಳಿದರೆ ನಾಲಿಗೆ ಹಿಡಿದು ಕೇಳಿ: ಇಬ್ಬರ ಕೂಲಿಯಲ್ಲೂ ಕಿತ್ತುಕೊಂಡು ತಿಂದವನು ಯಾರು?

ಈಗ ಆಫ್ರಿಕಾ ಎಚ್ಚೆತ್ತಿದೆ. ಹಸಿ ಗೇರಿನಲ್ಲಿ ಇವತ್ತು ಐವರಿ ಕೋಸ್ಟ್ ಜಗತ್ತಿನಲ್ಲೇ ಮುಂದು. ಅಲ್ಲಿ ಬೀಜ ಒಡೆಯುವ ಕಾರ್ಖಾನೆಗಳು ಹೆಚ್ಚುತ್ತಿವೆ. ಬೆನಿನ್ ದೇಶ 2024ರ ಏಪ್ರಿಲಿನಿಂದ ಹಸಿ ಬೀಜ ಹೊರಗೆ ಕಳಿಸುವುದನ್ನೇ ನಿಷೇಧಿಸಿತು. ಮುಕ್ತ ವ್ಯಾಪಾರ ಪ್ರದೇಶ ಸರಿಯಾಗಿ ನಡೆದರೆ ಆಬಿಜಾನಿನಲ್ಲಿ ಹುರಿದ ಗೋಡಂಬಿ ಲಾಗೋಸಿಗೆ, ನೈರೋಬಿಗೆ ಸುಂಕವಿಲ್ಲದೆ ಹೋಗಬಹುದು. ಒಪ್ಪಂದದ ನಿಜವಾದ ಅವಕಾಶ ಅಂದರೆ ಇದು. ಆದರೆ ಇದರಲ್ಲಿ ನಮ್ಮ ಪಂಡಿತರಿಗೆ ಲಾಭವಿಲ್ಲ, ಅದಕ್ಕೇ ಇದನ್ನು ಅವರು ಅವಕಾಶ ಅನ್ನುವುದಿಲ್ಲ, "ಕಚ್ಚಾವಸ್ತುವಿನ ಕೊರತೆ" ಅನ್ನುತ್ತಾರೆ.

ನಮ್ಮ ಸರ್ಕಾರದ ಸುಂಕ ನೋಡಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿಲ್ಲ. 2018ರ ಬಜೆಟ್ಟಿನಲ್ಲಿ ಹಸಿ ಗೇರುಬೀಜದ ಆಮದು ಸುಂಕವನ್ನು 5%ರಿಂದ 2.5%ಕ್ಕೆ ಇಳಿಸಿದರು. 2019ರ ಜುಲೈ ಬಜೆಟ್ಟಿನಲ್ಲಿ ಒಡೆದ ತಿರುಳಿನ ಸುಂಕವನ್ನು 45%ರಿಂದ 70%ಕ್ಕೆ ಏರಿಸಿದರು. ಅಂದರೆ ಏನು? ಆಫ್ರಿಕಾದವನೇ, ನೀನು ಬೀಜ ಹೆಕ್ಕಿ ಕಳಿಸಿದರೆ ಬಾಗಿಲು ತೆರೆದಿದೆ. ನಿನ್ನ ಮಗಳು ಅದನ್ನು ಒಡೆದು ನಾಲ್ಕು ಕಾಸು ಸಂಪಾದಿಸಿ ಕಳಿಸಿದರೆ ಗೋಡೆ ಎದ್ದಿದೆ. ಬ್ರಿಟಿಷರು ನಮ್ಮ ಹತ್ತಿಗೆ ಮಾಡಿದ್ದೂ ಇದೇ ಅಲ್ಲವೇನ್ರಿ?

ಇಲ್ಲಿ ಮಾಲೀಕರು ಒಂದು ಗುರಾಣಿ ಎತ್ತುತ್ತಾರೆ. ಆಫ್ರಿಕಾ ಬೀಜ ಕೊಡದಿದ್ದರೆ ನಮ್ಮ ಬಡ ಹೆಂಗಸರ ಗತಿ ಏನು ಅಂತ ಅಳುತ್ತಾರೆ. ಕನಿಷ್ಠ ಕೂಲಿ ಕೇಳಿದಾಗ ಬಾರದ ಕಣ್ಣೀರು ಈಗ ಬರುತ್ತೆ. ಆ ಹೆಂಗಸರ ಭಯ ಸುಳ್ಳಲ್ಲ, ಕೆಲಸ ಹೋಗುವ ಭಯ ನಿಜ. ಅದಕ್ಕೆ ಉತ್ತರ ಇಲ್ಲಿ, ನಮ್ಮ ನೆಲದ ಮೇಲೆ ಕೇಳಬೇಕು: ಸರ್ಕಾರ ಹೊಸ ಗೇರು ತೋಟ ಬೆಳೆಸಲಿ, ಭೂಮಿಯಿಲ್ಲದವರಿಗೆ ಆ ತೋಟದಲ್ಲಿ ಹಕ್ಕು ಕೊಡಲಿ, ಕೆಲಸ ಹೋದವರಿಗೆ ಪರಿಹಾರ ಕೊಡಲಿ, ಮಾಲೀಕರು ಇಷ್ಟು ವರ್ಷದ ಲಾಭದಲ್ಲಿ ಪಾಲು ಬಿಚ್ಚಲಿ. ಇನ್ನೊಬ್ಬ ಬಡವಿಯನ್ನು ಬಡವಿಯಾಗೇ ಇಟ್ಟು ನಮ್ಮ ಬಡವಿಯ ಒಲೆ ಉರಿಸುವ ಲೆಕ್ಕ ನಮಗೆ ಬೇಡ.

ಹಾಗಂತ ಆಫ್ರಿಕಾದ ಆಳುವವರೆಲ್ಲ ಸಾಚಾ ಅನ್ನುವುದೂ ಬೇಡ. ರಫ್ತು ನಿಲ್ಲಿಸಿದಾಗ ಕಾರ್ಖಾನೆಯವನು ಹೇಳಿದ್ದೇ ಬೆಲೆಯಾಗಿ ಬೆಳೆಗಾರ ಸೋಲಬಹುದು. ಅಲ್ಲೂ ಹೊಟ್ಟೆ ಬೆಳೆದ ಮಂತ್ರಿಗಳಿದ್ದಾರೆ, ಅಲ್ಲೂ ಸಾಹುಕಾರರಿದ್ದಾರೆ. ಬಿಳಿ ಒಡೆಯನ ಕುರ್ಚಿಯಲ್ಲಿ ಕರಿ ಒಡೆಯ ಕೂತರೆ ಅದು ಬಿಡುಗಡೆಯಲ್ಲ. ನಮ್ಮಲ್ಲಿ 1947ರ ನಂತರ ಏನಾಯಿತು ಅಂತ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತೆ.

ಕೊನೆಗೆ ನಮ್ಮ ಬೆಂಗಳೂರಿನ ಮುಖ. ಇಲ್ಲಿನ ಕರುಟೂರಿ ಗ್ಲೋಬಲ್ ಅನ್ನುವ ಗುಲಾಬಿ ಕಂಪನಿ 2010ರಲ್ಲಿ ಇಥಿಯೋಪಿಯಾದ ಗಾಂಬೆಲಾ ಸೀಮೆಯಲ್ಲಿ 1 ಲಕ್ಷ ಹೆಕ್ಟೇರ್ ನೆಲ ಗೇಣಿಗೆ ಹಿಡಿಯಿತು. ಗೇಣಿ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಅಂದಿನ ಲೆಕ್ಕದಲ್ಲಿ ಡಾಲರೊಂದಕ್ಕೆ ತುಸು ಮೇಲೆ. ಅದೇ ಗಾಂಬೆಲಾದಲ್ಲಿ ಜನರನ್ನು ಬಲವಂತವಾಗಿ ಎಬ್ಬಿಸಿ ಬೇರೆಡೆ ಕೂರಿಸುತ್ತಿದ್ದಾರೆ ಅಂತ ಹ್ಯೂಮನ್ ರೈಟ್ಸ್ ವಾಚ್ 2012ರಲ್ಲಿ ವರದಿ ಮಾಡಿತು. ಅಲ್ಲಿನ ಸರ್ಕಾರ ಇಲ್ಲವೆಂದಿತು. ಹೇಳಿದಷ್ಟು ಸಾಗುವಳಿ ಆಗಲಿಲ್ಲ ಅಂತ 2015ರ ಕೊನೆಯಲ್ಲಿ ಗೇಣಿ ರದ್ದಾಯಿತು. ಉಳುವವನಿಗೇ ಭೂಮಿ ಅಂತ ಕೂಗಿದ ನಾಡಿನಿಂದ ಹೊರಟವರು ಅಲ್ಲಿ ಜಮೀನ್ದಾರರಾಗಲು ಹೋದರು.

ಅದೇ ಬೆಂಗಳೂರಿನ ಹೊರವಲಯದಲ್ಲಿ 2016ರ ಜನವರಿ 31ರ ರಾತ್ರಿ, ಇನ್ನಾರೋ ಆಫ್ರಿಕನ್ನನ ಕಾರು ಮಾಡಿದ ಅಪಘಾತದ ಸಿಟ್ಟಿಗೆ, ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊಡೆಯಿತು, ಬಟ್ಟೆ ಹರಿಯಿತು. ಬಣ್ಣ ಒಂದೇ, ಅಪರಾಧಕ್ಕೆ ಅಷ್ಟು ಸಾಕಾಯಿತು. ಆಫ್ರಿಕಾದ ಮಾರುಕಟ್ಟೆ ಬೇಕು, ಆಫ್ರಿಕಾದ ಹುಡುಗಿ ಬಸ್ಸಿನಲ್ಲಿ ಪಕ್ಕ ಕೂರುವುದು ಬೇಡ. ಈ ಮನಸ್ಸು ಎಲ್ಲಿ ಹುಟ್ಟಿತು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರಿನ ಕೆಲಸಕ್ಕೆ ಕೇರಿಯ ಕೈ ಬೇಕು, ಕೇರಿಯ ಮೈ ಊರೊಳಗೆ ಬೇಡ ಅಂದ ಮನಸ್ಸೇ ಪಾಸ್‌ಪೋರ್ಟು ಹಿಡಿದು ವಿಮಾನ ಹತ್ತಿದೆ.

ಮೇಷ್ಟ್ರುಗಳೇ, ನಿಮ್ಮ ಶಾಲೆಯ ಗೋಡೆಯ ಮೇಲಿನ ಆಫ್ರಿಕಾದ ನಕ್ಷೆಯಲ್ಲಿ ನೆಟ್ಟಗೆ ಸ್ಕೇಲಿಟ್ಟು ಎಳೆದ ಗೆರೆಗಳನ್ನು ಮಕ್ಕಳಿಗೆ ತೋರಿಸಿ, ಯಾರು ಎಳೆದರು ಅಂತ ಕೇಳಿ. ವಿದ್ಯಾರ್ಥಿ ಗೆಳೆಯರೇ, ನಿಮ್ಮ ಕಾಲೇಜಿಗೆ ಬಂದು ಯಾರಾದರೂ "ಆಫ್ರಿಕಾದಲ್ಲಿ ಅವಕಾಶ" ಅಂತ ಭಾಷಣ ಮಾಡಿದರೆ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಅಲ್ಲಿ ಕೂಲಿ ಎಷ್ಟು ಕೊಡುತ್ತೀರಿ? ನೆಲ ಯಾರನ್ನು ಎಬ್ಬಿಸಿ ತಗೊಳ್ಳುತ್ತೀರಿ? ಅವರು ಒಡೆದ ಬೀಜಕ್ಕೆ ಇಲ್ಲಿ ಸುಂಕ ಎಷ್ಟು ಹಾಕುತ್ತೀರಿ? ಸಂಘಟನೆಯ ಗೆಳೆಯರೇ, ಗೇರುಬೀಜದ ಕಾರ್ಖಾನೆಯ ಗೇಟಿನಲ್ಲಿ ಮೊಜಾಂಬಿಕ್ಕಿನ ಕತೆ ಹೇಳಿ. ಸುಟ್ಟ ಬೆರಳು ಇನ್ನೊಂದು ಸುಟ್ಟ ಬೆರಳಿನ ಗುರುತು ಹಿಡಿಯುತ್ತೆ.

ಒಂದು ಖಂಡ ತನ್ನ ಸಂತೆಯನ್ನು ತಾನೇ ಕಟ್ಟಿಕೊಳ್ಳಲು ಹೊರಟಿದೆ. ಅಲ್ಲಿಗೆ ನಾವು ಗಿರಾಕಿಗಳಾಗಿ ಹೋಗೋಣ, ಮಾರುವವರಾಗಿಯೂ ಹೋಗೋಣ, ನೆಂಟರಾಗಿಯೂ ಹೋಗೋಣ. ಆದರೆ ತಕ್ಕಡಿ ಕಸಿಯಲು ಹೊರಟ ನಮ್ಮವರನ್ನು ನಮ್ಮ ಊರ ಬಾಗಿಲಲ್ಲೇ ತಡೆಯೋಣ.